ಬೋಳಾದ ನೆತ್ತಿ, ಬತ್ತದ ಬೇರು

ತಲೆಗೂದಲು ಉದುರುವುದರಿಂದ ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಕನ್ನಡಿಯ ಮುಂದೆ ನಿಂತ ಇಪ್ಪತ್ತೈದರ ಯುವಕನಿಗೆ, ಬಾಚಣಿಗೆಗೆ ಸುತ್ತಿಕೊಂಡ ಎಳೆಗಳನ್ನು ಬಿಡಿಸುತ್ತ ಕುಳಿತ ಹೆಣ್ಣುಮಗಳಿಗೆ ಈ ಮಾತು ಸಮಾಧಾನ ತರಲಾರದು. ಸಂಬಂಧ ನೋಡಲು ಬಂದವರ ಕಣ್ಣು ಮೊದಲು ಹೋಗುವುದು ನೆತ್ತಿಗೇ ಅಲ್ಲವೆ? ನಮ್ಮ ಆಯುರ್ವೇದ ಗ್ರಂಥಗಳೂ ಈ ದುಃಖವನ್ನು ಕಡೆಗಣಿಸಲಿಲ್ಲ. ಖಾಲಿತ್ಯ, ಇಂದ್ರಲುಪ್ತ ಎಂದು ಹೆಸರಿಟ್ಟು ಚಿಕಿತ್ಸೆ ಹೇಳಿದವು. ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆ ಕೊಬ್ಬರಿ ಎಣ್ಣೆಗೂ ಈರುಳ್ಳಿಗೂ ಬರವಿಲ್ಲ, ಮನೆಮದ್ದಿಗೂ ಇಲ್ಲ. ಇವುಗಳ ಜೊತೆಗೆ ಈಗ ಎರಡು ಹೊಸ ಮಾತುಗಳು ಸೇರಿವೆ: ಸ್ಟೆಮ್ ಸೆಲ್ ಅಥವಾ ಆಕರಕೋಶ, ಮತ್ತು ಬಯೋಪ್ರಿಂಟಿಂಗ್ ಅಥವಾ ಜೈವಿಕ ಮುದ್ರಣ. ಇವುಗಳಲ್ಲಿ ಭರವಸೆ ಎಷ್ಟು, ಬರಿಯ ಆಸೆ ಎಷ್ಟು ಎಂಬುದನ್ನು ವಿಚಾರಿಸೋಣ.

ಮನುಷ್ಯನ ನೆತ್ತಿಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿವೆ. ಒಂದೊಂದು ಕೂದಲೂ ಚರ್ಮದೊಳಗಿನ ರೋಮಕೂಪದಲ್ಲಿ ಹುಟ್ಟಿ 2ರಿಂದ 6 ವರ್ಷ ಬೆಳೆಯುತ್ತದೆ. ಬಳಿಕ ರೋಮಕೂಪ ಕುಗ್ಗಿ, ಸುಮಾರು 3 ತಿಂಗಳು ವಿರಮಿಸಿ, ಹಳೆಯ ಎಳೆಯನ್ನು ಬಿಟ್ಟು ಹೊಸದನ್ನು ತೊಡಗುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜವೇ. ಈ ನವೀಕರಣಕ್ಕೆ ಆಧಾರವಾದ ಆಕರಕೋಶಗಳು ರೋಮಕೂಪದ ಗೋಡೆಯ ಒಂದು ಉಬ್ಬಿನಲ್ಲಿ ನೆಲೆಸಿವೆ ಎಂಬುದನ್ನು 1990ರಲ್ಲಿ ಅಮೆರಿಕದ ಕೋಟ್ಸರೆಲಿಸ್ ಮತ್ತು ಸಂಗಡಿಗರು ತೋರಿಸಿದರು. ವಂಶಪಾರಂಪರ್ಯದ ಬಕ್ಕತಲೆಯಲ್ಲಿ ಪುರುಷ ಹಾರ್ಮೋನಿನ ಪ್ರಭಾವದಿಂದ ರೋಮಕೂಪಗಳು ಸುತ್ತುಸುತ್ತಿಗೂ ಕಿರಿದಾಗುತ್ತ ಹೋಗುತ್ತವೆ. ಆದರೆ 2011ರಲ್ಲಿ ಅದೇ ವಿಜ್ಞಾನಿ ಮತ್ತು ಅವರ ತಂಡದವರು ಬೋಳಾದ ನೆತ್ತಿಯನ್ನೂ ಕೂದಲಿರುವ ಭಾಗವನ್ನೂ ಹೋಲಿಸಿ ನೋಡಿದಾಗ ಕಂಡದ್ದೇನು? ಆಕರಕೋಶಗಳು ಬೋಳು ನೆತ್ತಿಯಲ್ಲೂ ಉಳಿದೇ ಇದ್ದವು. ಕಡಿಮೆಯಾಗಿದ್ದುದು ಅವುಗಳಿಂದ ಹುಟ್ಟಿ ಕೂದಲು ಕಟ್ಟಬೇಕಾದ ಮರಿಕೋಶಗಳು. ಅಜ್ಜಂಪುರದ ಅಮೃತಮಹಲ್ ಕಾವಲನ್ನು ಕಡುಬೇಸಗೆಯಲ್ಲಿ ನೋಡಿದವರು ಹುಲ್ಲು ಸತ್ತಿತೆಂದೇ ಎಣಿಸಿಯಾರು. ಬೇರು ಬದುಕಿತ್ತೆಂದು ತಿಳಿಯುವುದು ಮಳೆ ಬಿದ್ದ ಮೇಲೆ. ನೆತ್ತಿಯ ಪಾಲಿನ ಆ ಮಳೆ ಯಾವುದೆಂಬುದೇ ಇಂದಿನ ಶೋಧ.

ಈಗ ನಡೆಯುತ್ತಿರುವ ಕೂದಲು ಕಸಿಯನ್ನು ಭತ್ತದ ನಾಟಿಗೆ ಹೋಲಿಸಬಹುದು. ಹಿಂದಲೆಯ ರೋಮಕೂಪಗಳು ಮುಂದಲೆಗೆ ಬಂದರೂ ತಮ್ಮ ಸ್ವಭಾವ ಬಿಡುವುದಿಲ್ಲವೆಂದು 1959ರಲ್ಲಿ ನಾರ್ಮನ್ ಓರೆಂಟ್ರೈಕ್ ತೋರಿಸಿಕೊಟ್ಟರು. ಆದರೆ ನಾಟಿಯಲ್ಲಿ ಸಸಿ ಜಾಗ ಬದಲಿಸುತ್ತದೆಯೇ ಹೊರತು ಸಂಖ್ಯೆ ಹೆಚ್ಚುವುದಿಲ್ಲ. ಸಸಿಮಡಿ ಬರಿದಾದರೆ ನಾಟಿಯೂ ನಿಂತಿತು. ಆದುದರಿಂದ ಸಸಿಗಳನ್ನೇ ಹೆಚ್ಚಿಸುವ ದಾರಿ ಬೇಕಾಯಿತು. ರೋಮಕೂಪದ ಬುಡದಲ್ಲಿ ಪ್ಯಾಪಿಲಾ ಎಂಬ ಕೋಶಗಳ ಗುಚ್ಛವಿದೆ. ಕೂದಲು ಹುಟ್ಟಿಸುವ ಆಜ್ಞೆ ಅಲ್ಲಿಂದ ಹೊರಡುತ್ತದೆ. ಈ ಕೋಶಗಳನ್ನು ಹೊರಗೆ ಬೆಳೆಸಿ ಇಲಿಯ ಚರ್ಮದಲ್ಲಿಟ್ಟರೆ ಹೊಸ ಕೂದಲು ಬರುವುದೆಂದು 1984ರಲ್ಲಿ ಜಹೋಡ ಮತ್ತು ಜೊತೆಗಾರರು ಸಾಧಿಸಿದರು. ಮನುಷ್ಯನ ಕೋಶಗಳಾದರೋ ಗಾಜಿನ ತಟ್ಟೆಯಲ್ಲಿ ಹರಡಿಕೊಂಡು ಬೆಳೆದಾಗ ತಮ್ಮ ಕಸುಬನ್ನೇ ಮರೆತವು. ಹನಿಯೊಂದರಲ್ಲಿ ತೂಗುಬಿಟ್ಟು ಉಂಡೆಯಾಗಿ ಬೆಳೆಸಿದರೆ ಆ ನೆನಪು ಒಂದಷ್ಟು ಮರಳುವುದೆಂದು 2013ರಲ್ಲಿ ಗೊತ್ತಾಯಿತು.

ಆಕಾರವೇ ನೆನಪನ್ನು ತರುವುದಾದರೆ, ಆಕಾರ ಕೊಡುವ ಯಂತ್ರಕ್ಕೆ ಇಲ್ಲಿ ಕೆಲಸವುಂಟು. ಶಾಯಿಯ ಬದಲು ಜೀವಂತ ಕೋಶಗಳನ್ನು ಪದರಪದರವಾಗಿ ಇಡುವುದೇ ಜೈವಿಕ ಮುದ್ರಣ. 2018ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದವರು ಮುದ್ರಿಸಿದ ಅಚ್ಚುಗಳ ನೆರವಿನಿಂದ ಪ್ರಯೋಗಾಲಯದ ಚರ್ಮದಲ್ಲಿ ಮಾನವ ರೋಮಕೂಪಗಳನ್ನು ರೂಪಿಸಿದರು. 2020ರಲ್ಲಿ ಕೋಲರ್ ಅವರ ತಂಡವು ಆಕರಕೋಶಗಳಿಂದಲೇ ರೋಮವಿರುವ ಚರ್ಮದ ಸಣ್ಣ ಮುದ್ದೆಗಳನ್ನು ಬೆಳೆಸಿತು. 2023ರಲ್ಲಿ ಅಮೆರಿಕದ ರೆನ್ಸಲೇರ್ ಸಂಸ್ಥೆಯವರು ಮುದ್ರಣದಿಂದ ರೋಮಕೂಪದ ರಚನೆಯನ್ನು ಪಡೆದರು; ಆದರೆ ಆ ಚರ್ಮದ ಆಯುಸ್ಸು ಎರಡು ಮೂರು ವಾರ ಮಾತ್ರ, ಕೂದಲೆಳೆ ಬೆಳೆಯಲು ಅಷ್ಟು ಕಾಲ ಸಾಲದು. ನಮ್ಮ ಬೆಂಗಳೂರಿಗೂ ಈ ಮುದ್ರಣ ಅಪರಿಚಿತವಲ್ಲ. ಪ್ಯಾಂಡೋರಮ್ ಎಂಬ ಸಂಸ್ಥೆ 2015ರಲ್ಲಿ ಯಕೃತ್ತಿನ ಅಂಗಾಂಶವನ್ನು ಮುದ್ರಿಸಿ ತೋರಿಸಿತು. ಆದರೂ ಪ್ರಯೋಗಾಲಯದಿಂದ ನೆತ್ತಿಗೆ ದಾರಿ ದೂರವಿದೆ. ರಕ್ತನಾಳ ಕೂಡಬೇಕು, ಎಳೆ ಸರಿಯಾದ ಓರೆಯಲ್ಲಿ ಏಳಬೇಕು, ಬಣ್ಣ ಬರಬೇಕು, ಸಾವಿರಾರು ಸಂಖ್ಯೆಯಲ್ಲಿ ಬೆಳೆಯಬೇಕು. ಬೆಳೆಯಬಲ್ಲ ಕೋಶ ಗಂತಿಯಾಗಿ ಬೆಳೆಯಬಾರದು.

ಹೀಗಿರುವಾಗ ಜಾಹೀರಾತುಗಳು ಮಾತ್ರ ದಾರಿ ಮುಗಿಯಿತೆಂದೇ ಸಾರುತ್ತಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ ಕೂಡಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ, ರಕ್ತಸಂಬಂಧವಾದ ಕೆಲವು ರೋಗಗಳನ್ನು ಬಿಟ್ಟರೆ, ಅನುಮತಿ ಪಡೆದ ಪ್ರಯೋಗದ ಹೊರಗೆ ಆಕರಕೋಶಗಳನ್ನು ಚಿಕಿತ್ಸೆಯೆಂದು ನೀಡುವುದು ಸಲ್ಲದೆಂದು ಹೇಳಿದೆ. ಹೊಲ ಅಡವಿಟ್ಟು ನೆತ್ತಿಗೆ ಚುಚ್ಚಿಸಿಕೊಳ್ಳುವ ಮುನ್ನ ಇದನ್ನು ನೆನೆಯಬೇಕು.

ಹಾಗೆಂದು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಟೈಫಾಯಿಡ್ ಜ್ವರದ ಬಳಿಕ, ಹೆರಿಗೆಯ ಬಳಿಕ ಉದುರಿದ ಕೂದಲು ಸಾಮಾನ್ಯವಾಗಿ ತಾನೇ ಮರಳುತ್ತದೆ. ಕಬ್ಬಿಣದ ಕೊರತೆ, ಥೈರಾಯ್ಡ್ ದೋಷಗಳಿಗೆ ಔಷಧವಿದೆ. ಅಮೆರಿಕದಲ್ಲಿ ಬಕ್ಕತಲೆಗೆಂದು 1988ರಲ್ಲಿ ಅನುಮತಿ ಪಡೆದ ಮಿನಾಕ್ಸಿಡಿಲ್ ಲೇಪ, 1997ರಲ್ಲಿ ಪಡೆದ ಫಿನಾಸ್ಟರೈಡ್ ಮಾತ್ರೆ ಕೆಲವರಿಗೆ ನೆರವಾಗುತ್ತವೆ. ವೈದ್ಯರನ್ನು ಕೇಳಿಯೇ ಬಳಸಬೇಕು, ಬೇಗ ತೊಡಗಿದಷ್ಟೂ ಮೇಲು. ಈರುಳ್ಳಿ ರಸದ ಗುಣವನ್ನು 2002ರಲ್ಲಿ ಪ್ರಕಟವಾದ ಇರಾಕಿನ ಒಂದು ಸಣ್ಣ ಅಧ್ಯಯನ ಹೊಗಳಿದ್ದುಂಟು. ಅದು ಬಿಲ್ಲೆಬಿಲ್ಲೆಯಾಗಿ ಉದುರುವ ಇಂದ್ರಲುಪ್ತಕ್ಕೆ, ಸಾಮಾನ್ಯ ಬಕ್ಕತಲೆಗಲ್ಲ.

ಕಡೂರಿನ ಸೀಮೆಯಲ್ಲಿ ತೆಂಗಿನ ಸಸಿ ನೆಟ್ಟ ರೈತ ಮರುವರ್ಷವೇ ಕಾಯಿ ಕೇಳುವುದಿಲ್ಲ. ಆದರೆ ಸಸಿ ಕೊಳ್ಳುವಾಗ ಅದು ಯಾವ ಮರದ ಕಾಯಿಯದು, ಯಾರು ಬೆಳೆಸಿದ್ದು ಎಂದು ವಿಚಾರಿಸದೆ ದುಡ್ಡು ಬಿಚ್ಚುವುದೂ ಇಲ್ಲ. ಆಕರಕೋಶದ ಹೆಸರಿನಲ್ಲಿ ಬರುವವರನ್ನೂ ನಾವು ಹಾಗೆಯೇ ಕೇಳಬೇಕು: ಇದು ಯಾವ ಪ್ರಯೋಗ, ಯಾರ ಅನುಮತಿ, ಎಲ್ಲಿ ನೋಂದಣಿ? ಉತ್ತರ ಹೇಳಬಲ್ಲವರಿದ್ದರೆ ಮಾತು ಮುಂದುವರಿಸೋಣ. ಇಲ್ಲವಾದರೆ ಹಣ ನಮ್ಮಲ್ಲೇ ಇರಲಿ.