ಬೆಳಕು ಮೊದಲು, ಸದ್ದು ಆಮೇಲೆ

(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಈ ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವ ಅವಕಾಶ ದೊರೆತುದು ನನ್ನ ಭಾಗ್ಯ. ಶಾಲೆಯ ಇತಿಹಾಸವನ್ನು ಹೇಳಬಲ್ಲ ಹಿರಿಯರು ವೇದಿಕೆಯ ಮೇಲಿದ್ದಾರೆ. ನಾನು ಕಣ್ಣಾರೆ ಕಂಡ ಒಂದು ರಾಕೆಟ್ ಉಡಾವಣೆಯನ್ನು ಕುರಿತು ಕೆಲವು ಮಾತು ಹೇಳುತ್ತೇನೆ. ಅದಕ್ಕೂ ಈ ಶಾಲೆಗೂ ಸಂಬಂಧವಿದೆ.

2023ರ ಜುಲೈ 14ರಂದು ಚಂದ್ರಯಾನ-3ರ ಉಡಾವಣೆಯನ್ನು ನೋಡಲು ಗಡಹಿಂಗ್ಲಜದಿಂದ ಬೆಳಗಾವಿ, ಬೆಂಗಳೂರುಗಳ ದಾರಿಯಾಗಿ ಶ್ರೀಹರಿಕೋಟಾಕ್ಕೆ ಹೋಗಿದ್ದೆ. ಸಾರ್ವಜನಿಕರ ವೀಕ್ಷಣಾ ಗ್ಯಾಲರಿಯಲ್ಲಿ ಸಹಸ್ರಾರು ಜನ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ದೂರದ ಗಿಡಮರಗಳ ಅಂಚಿಗೆ ಫೋಕಸ್ ಹಿಡಿದು, ಅದು ಕದಲದಂತೆ ಮಾಡಿದ್ದೆ. ರಾಕೆಟ್ಟಿನ ಜ್ವಾಲೆ ಸುತ್ತಲಿನ ಆಕಾಶಕ್ಕಿಂತ ಬಹಳ ಪ್ರಖರವಾದುದು. ಕ್ಯಾಮೆರಾ ತನ್ನಷ್ಟಕ್ಕೆ ಬೆಳಕನ್ನು ಅಳೆದರೆ ಜ್ವಾಲೆ ಬರಿಯ ಬಿಳಿಯ ಕಲೆಯಾಗುತ್ತದೆ. ಆದ್ದರಿಂದ ಬೆಳಕನ್ನು ಬೇಕೆಂದೇ ತಗ್ಗಿಸಬೇಕು. ನಮ್ಮ ಕೊಲ್ಹಾಪುರದ ಬಾಬುರಾವ್ ಪೇಂಟರ್ ಅವರು ತಾವೇ ಕಟ್ಟಿದ ಕ್ಯಾಮೆರಾದಿಂದ 1920ರಲ್ಲಿ ‘ಸೈರಂಧ್ರಿ’ ಚಿತ್ರವನ್ನು ತಂದ ನಾಡಿನವನಾದ ನಾನು ಇಷ್ಟಾದರೂ ತಿಳಿದಿರಬೇಡವೆ?

ಮಧ್ಯಾಹ್ನ 2 ಗಂಟೆ 35 ನಿಮಿಷ. ಮರಗಳಾಚೆ ಒಮ್ಮೆಲೇ ಬೆಳಕು ಚಿಮ್ಮಿತು. 43.5 ಮೀಟರು ಎತ್ತರದ, ಸುಮಾರು 640 ಟನ್ನು ತೂಕದ ಎಲ್‌ವಿಎಂ-3 ನೆಲವನ್ನು ಬಿಟ್ಟು ಮೇಲೇರತೊಡಗಿತು. ಆದರೆ ಸದ್ದಿಲ್ಲ! ನನಗರಿವಿಲ್ಲದೆಯೇ ನಾನು ಎಣಿಸತೊಡಗಿದ್ದೆ: ಒಂದು, ಎರಡು, ಮೂರು... ಹದಿನೈದು ದಾಟಿದ ಮೇಲೆ ಸದ್ದು ಬಂತು. ಕಿವಿಗಿಂತ ಮೊದಲು ಎದೆಗೆ ತಾಗಿತು. ಆ ಎಣಿಕೆಯಲ್ಲಿ ಮೈಮರೆತು ಗುಂಡಿಯೊತ್ತುವುದನ್ನೇ ಮರೆತಿದ್ದೆ. ರಾಕೆಟ್ಟು ನೆಲ ಬಿಟ್ಟ ಕ್ಷಣದ ಚಿತ್ರ ನನ್ನಲ್ಲಿಲ್ಲ. ಉಳಿದುದು ಹೊಗೆಯ ಕಂಬದ ಎರಡು ಚಿತ್ರಗಳು ಮಾತ್ರ.

ಎಣಿಸಲು ಕಲಿಸಿದ್ದು ಈ ಶಾಲೆ. ಮೃಗಶಿರಾ ಮಳೆಯ ದಿನಗಳಲ್ಲಿ ಮಿಂಚಿದೊಡನೆ ನಮ್ಮ ಗುರುಗಳು ಪಾಠ ನಿಲ್ಲಿಸಿ, ಗುಡುಗು ಕೇಳುವವರೆಗೆ ಎಣಿಸಲು ಹೇಳುತ್ತಿದ್ದರು. ಸದ್ದು ಒಂದು ಕಿಲೋಮೀಟರು ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಎಣಿಕೆಯನ್ನು ಮೂರರಿಂದ ಭಾಗಿಸಿದರೆ ಸಿಡಿಲಿನ ದೂರ ಸಿಕ್ಕಿತು. ಹಿರಣ್ಯಕೇಶಿಯ ದಂಡೆಯಲ್ಲಿ ನಾವೆಯಿಂದ ದಡಕ್ಕೆ ಜಿಗಿದಾಗ ನಾವೆ ಹಿಂದೆ ಸರಿಯುವುದನ್ನು ತೋರಿಸಿ, ರಾಕೆಟ್ಟು ಏರುವುದೂ ಹೀಗೆಯೇ ಎಂದಿದ್ದರು. ಅನಿಲವನ್ನು ಅದು ಕೆಳಕ್ಕೆ ನೂಕುತ್ತದೆ, ಅನಿಲ ಅದನ್ನು ಮೇಲಕ್ಕೆ ನೂಕುತ್ತದೆ.

ಅಂದು ಉರಿದ ಎರಡು ಎಸ್-200 ಬೂಸ್ಟರುಗಳು ಎರಡು ನಿಮಿಷ ಕಳೆಯುತ್ತಲೇ ಕಳಚಿ ಬಂಗಾಳ ಕೊಲ್ಲಿಗೆ ಬಿದ್ದವು. ಅವು ಒಂದೇ ಸಲದ ಬಳಕೆಗಾಗಿ ಆದಂಥವು. ಬೀಳುವುದು ಬೇರೆ, ಇಳಿಯುವುದು ಬೇರೆ. 2015ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪೇಸ್‌ಎಕ್ಸ್ ಸಂಸ್ಥೆಯ ಫಾಲ್ಕನ್-9ರ ಮೊದಲ ಹಂತವು ಎಂಜಿನ್ ಉರಿಸುತ್ತ ಹಿಂದಿರುಗಿ, ಕೇಪ್ ಕೆನವೆರಲ್‌ನ ನೆಲದ ಮೇಲೆ ನೆಟ್ಟಗೆ ನಿಂತಿತು. ಅಲ್ಲಿಯೂ ದೂರದಲ್ಲಿ ನಿಂತವರಿಗೆ ಬೂಸ್ಟರು ನೆಲ ಮುಟ್ಟಿದ್ದು ಮೊದಲು ಕಾಣುತ್ತದೆ, ಅದರ ಸಿಡಿಸದ್ದು ಆಮೇಲೆ ಕೇಳುತ್ತದೆ.

ಮರಳಿ ಇಳಿಯುವ ವಿದ್ಯೆಯನ್ನು ನಮ್ಮವರೂ ಅಭ್ಯಸಿಸುತ್ತಿದ್ದಾರೆ, ಅದೂ ಕನ್ನಡದ ನೆಲದಲ್ಲಿ. ಇಸ್ರೋದ ರೆಕ್ಕೆಯುಳ್ಳ ‘ಪುಷ್ಪಕ’ವನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಹೆಲಿಕಾಪ್ಟರಿನಿಂದ ಮೇಲಕ್ಕೊಯ್ದು ಬಿಡಲಾಯಿತು. 2024ರ ಜೂನ್ 23ರ ಮೂರನೆಯ ಪ್ರಯೋಗದಲ್ಲಿ 4.5 ಕಿಲೋಮೀಟರು ಎತ್ತರದಲ್ಲಿ, ಓಡುಹಾದಿಯ ನೇರದಿಂದ 500 ಮೀಟರು ಪಕ್ಕಕ್ಕೆ ಬಿಟ್ಟರೂ ಅದು ತಾನೇ ದಾರಿಯನ್ನು ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಇಳಿಯಿತು.

ಇನ್ನು ಶಾಲೆಯ ಮಾತು. “ಮಹಾರಾಷ್ಟ್ರದಲ್ಲಿದ್ದು ಕನ್ನಡದಲ್ಲಿ ಕಲಿತರೆ ಮಗುವಿಗೆ ವಿಜ್ಞಾನ ಬಂದೀತೆ?” ಎಂದು ಪಾಲಕರು ಕೇಳುತ್ತಾರೆ. ಕೊಲ್ಹಾಪುರ, ಇಚಲಕರಂಜಿಗಳ ನೆಂಟರೂ ಕೇಳಿದ್ದಾರೆ. ಆ ಆತಂಕ ಸುಳ್ಳೆಂದು ನಾನು ಹೇಳಲಾರೆ. ಕಾಲೇಜಿನ ಮೊದಲ ವರ್ಷ ಇಂಗ್ಲಿಷ್ ಪಾರಿಭಾಷಿಕ ಪದಗಳ ಮುಂದೆ ನಾನು ಮೂಕನಾಗಿ ಕುಳಿತುದುಂಟು, ಒಂದು ವಿಷಯದಲ್ಲಿ ಅನುತ್ತೀರ್ಣನೂ ಆದೆ. ಆದರೆ ನನಗೆ ಕೊರತೆಯಾದದ್ದು ಪದಗಳು, ಅರ್ಥವಲ್ಲ. ಪದಗಳನ್ನು ಒಂದು ವರ್ಷದಲ್ಲಿ ಕಲಿತೆ. ನಾವೆ ಹಿಂದೆ ಸರಿದುದರ ಅರ್ಥ ಅದಾಗಲೇ ನನ್ನೊಳಗಿತ್ತು.

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ: ಇಂಗ್ಲಿಷನ್ನೂ ಮರಾಠಿಯನ್ನೂ ಚೆನ್ನಾಗಿ ಕಲಿಸಿರಿ, ನಾನು ಪಟ್ಟ ಪಾಡು ಇಂದಿನ ಮಕ್ಕಳಿಗೆ ಬೇಡ. ಆದರೆ ಮಿಂಚಿದಾಗ ಪಾಠ ನಿಲ್ಲಿಸಿ ಎಣಿಸುವುದನ್ನು ಬಿಡಬೇಡಿರಿ. ಪಾಲಕರಲ್ಲಿಯೂ ಒಂದು ವಿನಂತಿ: ಮಗು ಶಾಲೆಯಿಂದ ಬಂದಾಗ ಅಂಕಗಳನ್ನು ಕೇಳುವ ಮುನ್ನ, ಇಂದು ಏನನ್ನು ನೋಡಿದೆ ಎಂದು ಮನೆಯ ಮಾತಿನಲ್ಲಿ ಕೇಳಿರಿ.

ಗುರುಗಳು ತೋರಿದ ಬೆಳಕು ಎಂದೋ ಕಂಡಿತ್ತು. ಅದರ ಸದ್ದು ನನ್ನ ಎದೆಗೆ ತಲುಪಲು ಇಷ್ಟು ವರ್ಷಗಳೇ ಬೇಕಾದವು. ಅದನ್ನು ಹೇಳಿ ಹೋಗೋಣವೆಂದು ಬಂದೆ.