ಪಟ್ಟಿಯ ಮೇಲಿನ ಹೆಸರು



ನನ್ನದು ಸರ್ವರ್ ನೋಡಿಕೊಳ್ಳುವ ಕೆಲಸ. ಲಿನಕ್ಸ್ ಸರ್ವರ್ ನಿಧಾನವಾದರೆ ಮೊದಲು ‘ಟಾಪ್’ ಎಂದು ಟೈಪ್ ಮಾಡುತ್ತೇವೆ. ಯಾವ ಪ್ರೋಗ್ರಾಂ, ಯಾರ ಹೆಸರಿನಲ್ಲಿ, ಎಷ್ಟು ಸಿಪಿಯು, ಎಷ್ಟು ಮೆಮೊರಿ ತಿನ್ನುತ್ತಿದೆ ಎಂಬ ಪಟ್ಟಿ ಬರುತ್ತದೆ. ದೊಡ್ಡಕ್ಷರದ ‘ಎಂ’ ಒತ್ತಿದರೆ ಮೆಮೊರಿ ಹೆಚ್ಚು ತಿಂದದ್ದು ಮೇಲಕ್ಕೆ.

ಒಮ್ಮೆ ಹೊಸದಾಗಿ ಸೇರಿದ ಹುಡುಗನ ಹೆಸರೇ ಮೇಲಿನ ಐದಾರು ಸಾಲಿನಲ್ಲಿತ್ತು. ಎಲ್ಲರೆದುರು ಗದರಿದೆ. ಇದೇ ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತು, ಮಾಡದ ಗಲಾಟೆಗೆ ಏಟು ತಿಂದವನು ನಾನು! ಆಮೇಲೆ ‘ಪಿಎಸ್’ ಹಾಕಿ ಅವು ಶುರುವಾದ ಹೊತ್ತು ನೋಡಿದೆ. ಎಲ್ಲವೂ ರಾತ್ರಿ 2 ಗಂಟೆ, ಬೇರೆ ಬೇರೆ ದಿನ. ಅವನ ಖಾತೆಯಿಂದ ದಿನಾ ಓಡಲೆಂದು ‘ಕ್ರಾನ್’ನಲ್ಲಿ ಬರೆದಿಟ್ಟವನು ನಾನೇ. ಹಿಂದಿನದು ಮುಗಿಯದೆ ಮತ್ತೊಂದು ಸೇರಿಕೊಳ್ಳುತ್ತಿತ್ತು.

ಎಲ್ಲರೆದುರೇ ಅವನ ಕ್ಷಮೆ ಕೇಳಿದೆ.