ಕಸುಬು ನಮ್ಮದು, ಪಟ್ಟಿಯೂ ನಮ್ಮದಾಗಿರಲಿ

(ವೆಲ್ಲಿಂಗ್ಟನ್ನಿನ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)





ಎಸ್ಟೇಟಿನಲ್ಲಿ ದುಡಿಯುವ ನಮಗೆ ಕೂಲಿ ಇದೆ, ಲೈನು ಮನೆ ಇದೆ. ಆದರೆ ನಿವೃತ್ತಿಯಾದಾಗ ಕೂಲಿ ನಿಲ್ಲುತ್ತದೆ, ಮನೆಯನ್ನೂ ಬಿಟ್ಟುಕೊಡಬೇಕಾಗುತ್ತದೆ. ಕೈಗೆ ಬಂದ ಗ್ರಾಚ್ಯುಟಿ ಮಗಳ ಮದುವೆಗೋ ಹಳೆಯ ಸಾಲಕ್ಕೋ ಕರಗಿಹೋಗುತ್ತದೆ. ಆದ್ದರಿಂದ ಕೂಲಿಯ ಜೊತೆಗೆ ಮನೆಗೊಂದು ಸ್ವಂತ ಕಸುಬು ಇರಬೇಕೆಂಬುದನ್ನು ಇಂದು ಯೋಚಿಸೋಣ.

ವ್ಯಾಪಾರ ಮಾಡಿ ಹಣ ಗಳಿಸುವುದು ವಿಶ್ವಾಸಿಗಳಿಗೆ ತಕ್ಕದ್ದಲ್ಲವೆಂದು ಕೆಲವರು ಹೇಳುವುದುಂಟು. ಸತ್ಯವೇದ ಹಾಗೆ ಹೇಳುವುದಿಲ್ಲ. ಅಪೊಸ್ತಲನಾದ ಪೌಲನು ಗುಡಾರ ಮಾಡಿ ಹೊಟ್ಟೆ ಹೊರೆದನು. ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಗಳದ್ದೂ ಅದೇ ಕಸುಬು. ಬಟ್ಟೆ ಮಾರುತ್ತಿದ್ದ ಲುದ್ಯಳು ತನ್ನ ಮನೆಯಲ್ಲಿ ಪೌಲನಿಗೂ ಅವನ ಜೊತೆಗಾರರಿಗೂ ಸ್ಥಳ ಕೊಟ್ಟಳು. ಹಣವನ್ನು ನಾವು ಆಳಿದರೆ ಆಶೀರ್ವಾದ. ಹಣ ನಮ್ಮನ್ನು ಆಳಿದರೆ ಬಂಧನ.

ಬಾಸೆಲ್ ಮಿಷನ್ ನಮ್ಮ ಹತ್ತಿರದ ಕೇತಿಗೆ 1846ರಲ್ಲಿ ಬಂದಿತು. ಕರಾವಳಿಯಲ್ಲಿ ಕ್ರಿಸ್ತನನ್ನು ನಂಬಿ ಕುಲದಿಂದ ಹೊರಗಾದವರಿಗೆ ಜೀವನೋಪಾಯವಿಲ್ಲದ್ದನ್ನು ಕಂಡು ಅದೇ ಮಿಷನ್ ನೇಯ್ಗೆ, ಮುದ್ರಣ ಮುಂತಾದ ಕೆಲಸಗಳನ್ನು ಕಲಿಸಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು. ಎಷ್ಟೋ ಮನೆಗಳ ಒಲೆ ಉರಿಯಿತು. ಆದರೆ ಒಂದನೆಯ ಮಹಾಯುದ್ಧ ಬಂದಾಗ, ಮಿಷನ್ನಿನಲ್ಲಿ ಜರ್ಮನರಿದ್ದ ಕಾರಣ, ಬ್ರಿಟಿಷ್ ಸರ್ಕಾರ ಆ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಬೆವರು ನಮ್ಮವರದು, ಬೀಗದ ಕೈ ಮಾತ್ರ ಬೇರೆಯವರದು.

ನಮ್ಮ ಬೆಟ್ಟದಲ್ಲಿಯೇ ಇನ್ನೊಂದು ದಾರಿಯೂ ಉಂಟು. ಇಲ್ಲಿನ ಸಣ್ಣ ಚಹಾ ಬೆಳೆಗಾರರು ಸಹಕಾರಿ ಕಾರ್ಖಾನೆಗಳಲ್ಲಿ ಒಂದಾದರು. ಅವುಗಳ ಒಕ್ಕೂಟವಾದ ಇಂಡ್ಕೋಸರ್ವ್ 1965ರಲ್ಲಿ ಹುಟ್ಟಿತು. ಸೊಪ್ಪು ಕೊಡುವವನೇ ಅಲ್ಲಿ ಸದಸ್ಯ. ಕಷ್ಟನಷ್ಟಗಳು ಅಲ್ಲಿಯೂ ಇವೆ. ಆದರೂ ಸದಸ್ಯನಿಗೆ ಕೇಳುವ ಹಕ್ಕಿದೆ.

ಕಸುಬು ಚಿಕ್ಕದಾಗಿಯೇ ಆರಂಭವಾಗಲಿ: ಹೊಲಿಗೆ, ಕೋಳಿ ಸಾಕಣೆ, ವೈರಿಂಗ್, ಬೇಕರಿ ತಿಂಡಿ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕಬೇಕೆಂದು ಸ್ವಾಮಿ ಕಲಿಸಿದನಲ್ಲವೇ? ಬಟ್ಟೆ, ದಾರ, ಕರೆಂಟು ಇವುಗಳ ಜೊತೆಗೆ ನಮ್ಮ ದುಡಿಮೆಯ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯೋಣ. 2020ರಿಂದ ನಡೆಯುತ್ತಿರುವ ಸರ್ಕಾರದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಅದಕ್ಕಾಗಿ ದಲ್ಲಾಳಿಗೆ ಹಣ ಕೊಡಬೇಡಿರಿ.

ಕೈಕೆಲಸ ಚೆನ್ನಾಗಿದ್ದರೆ ಸಾಲದು, ಅದು ನಾಲ್ಕು ಜನರಿಗೆ ತಿಳಿಯಬೇಕು. ನಮ್ಮ ವೆಲ್ಲಿಂಗ್ಟನ್ನಿನ ಸ್ಟಾಫ್ ಕಾಲೇಜಿಗೆ ಪ್ರತಿ ವರ್ಷ ಹೊಸ ಅಧಿಕಾರಿಗಳು ಕುಟುಂಬಸಮೇತ ಬರುತ್ತಾರೆ. ವರ್ಷ ತುಂಬುವ ಹೊತ್ತಿಗೆ ಹೊರಟುಹೋಗುತ್ತಾರೆ. ಇಲ್ಲಿ ಹೊಲಿಯುವವರು ಯಾರು, ನಲ್ಲಿ ರಿಪೇರಿ ಮಾಡುವವರು ಯಾರೆಂದು ಅವರಿಗೆ ತಿಳಿಯದು. ನಮ್ಮ ಕಸುಬುದಾರರ ಪಟ್ಟಿಯೊಂದು ಫೋನಿನಲ್ಲಿ ಸಿಕ್ಕುವಂತಿದ್ದರೆ ಕೆಲಸ ತಾನಾಗಿ ಮನೆಬಾಗಿಲಿಗೆ ಬರುತ್ತದೆ. ಇದಕ್ಕೆ ಡೈರೆಕ್ಟರಿ ಸಾಫ್ಟ್‌ವೇರ್ ಎನ್ನುತ್ತಾರೆ.

ಅದನ್ನು ಆರಿಸುವಾಗಲೂ ಬೀಗದ ಕೈಯ ಮಾತನ್ನು ಮರೆಯಬಾರದು. ಕಂಪನಿಯೊಂದರ ಪಟ್ಟಿಯಲ್ಲಿ ಸೇರಿದರೆ, ನಾಳೆ ಅವರು ಬಾಡಿಗೆ ಏರಿಸಬಹುದು, ಇಲ್ಲವೇ ಬಾಗಿಲು ಮುಚ್ಚಬಹುದು. ಮುಕ್ತ ತಂತ್ರಾಂಶ ಹಾಗಲ್ಲ. ಅಡುಗೆಯ ಜೊತೆಗೆ ಅದನ್ನು ಮಾಡುವ ಕ್ರಮವನ್ನೂ ಬರೆದುಕೊಟ್ಟಂತೆ, ಅದರ ಒಳಗುಟ್ಟು ಎಲ್ಲರಿಗೂ ತೆರೆದಿರುತ್ತದೆ. ಬಳಸಬಹುದು, ತಿದ್ದಬಹುದು, ಇತರರಿಗೂ ಹಂಚಬಹುದು. ರಿಚರ್ಡ್ ಸ್ಟಾಲ್ಮನ್ ಎಂಬವರು 1983ರಲ್ಲಿ ಗ್ನು ಯೋಜನೆಯನ್ನು ಸಾರಿ ಈ ಚಳವಳಿಯನ್ನು ಆರಂಭಿಸಿದರು. 2003ರಲ್ಲಿ ಬಂದ ವರ್ಡ್‌ಪ್ರೆಸ್ ಇಂಥದ್ದೇ; ಅದಕ್ಕೆ ಡೈರೆಕ್ಟರಿಯ ಭಾಗಗಳನ್ನು ಜೋಡಿಸಬಹುದು.

ಕಂಪ್ಯೂಟರ್ ಬಲ್ಲ ನಮ್ಮ ಮಕ್ಕಳು ಆರಿಸುವ ಮುಂಚೆ ಐದು ಪ್ರಶ್ನೆ ಕೇಳಲಿ. ಲೈಸೆನ್ಸು ನಿಜವಾಗಿ ಮುಕ್ತವೇ? ಇಡೀ ಪಟ್ಟಿಯನ್ನು ಬೇಕಾದಾಗ ಇಳಿಸಿಕೊಂಡು ಬೇರೆಡೆಗೆ ಒಯ್ಯಬಹುದೇ? ಕನ್ನಡ, ತಮಿಳು ಅಕ್ಷರಗಳು ಸರಿಯಾಗಿ ಬರುತ್ತವೆಯೇ? ಕಡಿಮೆ ಬೆಲೆಯ ಫೋನಿನಲ್ಲಿ ತೆರೆಯುತ್ತದೆಯೇ? ಅದನ್ನು ಮಾಡಿದವರು ಈಗಲೂ ದೋಷಗಳನ್ನು ತಿದ್ದುತ್ತಿದ್ದಾರೆಯೇ? ಸಾಫ್ಟ್‌ವೇರ್ ಪುಕ್ಕಟೆಯಾಗಿ ಸಿಕ್ಕಿದರೂ ಅದನ್ನಿಡುವ ಜಾಗಕ್ಕೂ ಅದರ ಹೆಸರಿಗೂ ವರ್ಷ ವರ್ಷ ಬಾಡಿಗೆಯುಂಟು. ಅದನ್ನು ಹಂಚಿಕೊಂಡು ಕೊಡೋಣ. ಒಪ್ಪಿಗೆಯಿಲ್ಲದೆ ಯಾರ ಫೋನ್ ನಂಬರನ್ನೂ, ವಿಶೇಷವಾಗಿ ಹೆಣ್ಣುಮಕ್ಕಳದ್ದನ್ನು, ಹಾಕಬಾರದು. ಗುಪ್ತಪದ ಒಬ್ಬರ ಬಳಿ ಮಾತ್ರ ಇರದೆ, ನಂಬಿಗಸ್ತರಾದ ಇಬ್ಬರು ಮೂವರ ಬಳಿ ಇರಲಿ.

ಪ್ರಿಯರೇ, ತಲಾಂತನ್ನು ಮಣ್ಣಿನಲ್ಲಿ ಹೂತಿಟ್ಟ ಆಳು ಕದ್ದವನಲ್ಲ, ಹೆದರಿದವನು. ನಮ್ಮ ಕೈಗಳಲ್ಲಿಯೂ ದೇವರು ತಲಾಂತುಗಳನ್ನಿಟ್ಟಿದ್ದಾನೆ. ಮುಂದಿನ ಕೂಟಕ್ಕೆ ಬರುವಾಗ ಪ್ರತಿ ಮನೆಯವರು ತಮಗೆ ಬರುವ ಒಂದು ಕಸುಬನ್ನು ಚೀಟಿಯಲ್ಲಿ ಬರೆದು ತನ್ನಿರಿ. ಪಟ್ಟಿ ಮೊದಲು ಕಾಗದದ ಮೇಲೆ ಹುಟ್ಟಲಿ. ನಮ್ಮ ಕೈಕೆಲಸವನ್ನು ಕರ್ತನು ಸ್ಥಿರಪಡಿಸಲಿ. ಆಮೆನ್.